ಬಡಿಸುವವರು ನಮ್ಮವರಾದರೆ

2024ರ ಬೇಸಿಗೆಯಲ್ಲಿ ವೆಲ್ಸ್ ಫಾರ್ಗೋ ಬ್ಯಾಂಕಿನ ಷೇರು ವಿಶ್ಲೇಷಕರು ಒಂದು ವಿಚಿತ್ರ ಕೆಲಸ ಮಾಡಿದರು. ನ್ಯೂಯಾರ್ಕ್ ನಗರದ ಎಂಟು ಚಿಪೋಟ್ಲೆ ಅಂಗಡಿಗಳಿಂದ 75 ಬುರಿಟೋ ಬೌಲ್ ತರಿಸಿದರು. (ಚಿಪೋಟ್ಲೆ ಅಂದರೆ ಅಮೆರಿಕದ ತುಂಬಾ ಅಂಗಡಿಗಳಿರುವ, ಮೆಕ್ಸಿಕನ್ ಶೈಲಿಯ ಊಟ ಮಾರುವ ಕಂಪನಿ. ಅನ್ನ, ಕಾಳು ಇತ್ಯಾದಿ ತುಂಬಿ ರೊಟ್ಟಿಯಲ್ಲಿ ಸುತ್ತಿದರೆ ಬುರಿಟೋ, ರೊಟ್ಟಿ ಬಿಟ್ಟು ಬಟ್ಟಲಿಗೆ ಹಾಕಿದರೆ ಬುರಿಟೋ ಬೌಲ್.) ಎಲ್ಲದಕ್ಕೂ ಒಂದೇ ಆರ್ಡರ್. ಆಮೇಲೆ ಒಂದೊಂದನ್ನೂ ತೂಕಕ್ಕೆ ಇಟ್ಟರು. ಎಲ್ಲಕ್ಕಿಂತ ಹಗುರಾದದ್ದು 13.8 ಔನ್ಸ್, ಅಂದರೆ ಸುಮಾರು 390 ಗ್ರಾಂ. ಎಲ್ಲಕ್ಕಿಂತ ಭಾರವಾದದ್ದು 26.8 ಔನ್ಸ್, ಸುಮಾರು 760 ಗ್ರಾಂ. ಅದೇ ಪದಾರ್ಥ, ಆದರೆ ಒಬ್ಬರಿಗೆ ಇನ್ನೊಬ್ಬರ ಹೆಚ್ಚುಕಡಿಮೆ ಎರಡರಷ್ಟು ಊಟ. ಸುದ್ದಿ ಓದಿ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡ ಚರ್ಚೆಯೇ ಆಯಿತು. ಇದು ಹಗಲು ದರೋಡೆ ಅಂದರು ಕೆಲವರು. ನನಗೆ ಮೊದಲು ಅನ್ನಿಸಿದ್ದು ಬೇರೆ. ಕೈಯಲ್ಲಿ ಸೌಟು ಹಿಡಿದು ಬಡಿಸುವ ಕಡೆ ಹೆಚ್ಚುಕಡಿಮೆ ಆಗದೆ ಇನ್ನೇನು ಆಗುತ್ತೆ? ಆದರೆ ಎರಡರಷ್ಟು ಅಂತರ ಅಂದರೆ ಸುಮ್ನೆ ಬಿಟ್ಟುಬಿಡುವ ಮಾತೂ ಅಲ್ಲ. ಈ ಎರಡು ಯೋಚನೆಗಳ ಮಧ್ಯೆ ಅವತ್ತಿನಿಂದ ಓಲಾಡುತ್ತಾ ಇದ್ದೇನೆ. ಒಂದು ಬೌಲ್ ಅನ್ನದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದಾ ಅಂತ ನನ್ನ ಹೆಂಡತಿ ಕೇಳಿದ್ದಾಳೆ. ಕೇಳಬೇಕಾದ ಪ್ರಶ್ನೆಯೇ.

ಅದಕ್ಕೆ ಸ್ವಲ್ಪ ಮುಂಚೆ ಟಿಕ್‌ಟಾಕ್‌ನಲ್ಲಿ ಇನ್ನೊಂದು ಗದ್ದಲ ಎದ್ದಿತ್ತು. ಬಡಿಸುವವರ ಮುಂದೆ ಫೋನ್ ಹಿಡಿದು ವಿಡಿಯೋ ಮಾಡಿದರೆ ಜಾಸ್ತಿ ಹಾಕುತ್ತಾರೆ ಅಂತ ಯಾರೋ ಶುರು ಮಾಡಿದರು. ನೋಡನೋಡುತ್ತಾ ಅದೇ ರೂಢಿಯಾಯಿತು. ನಮ್ಮ ಮನೆ ಹತ್ತಿರದ ಒಂದು ಬುರಿಟೋ ಅಂಗಡಿಯಲ್ಲಿ (ಯಾವುದು ಅನ್ನೋದು ಮುಖ್ಯ ಅಲ್ಲ) ನಾನು ಅದನ್ನು ಕಣ್ಣಾರೆ ನೋಡಿದೆ. ನನ್ನ ಮುಂದೆ ಇದ್ದವನು ಕಾಲೇಜು ಹುಡುಗ. ಗಾಜಿನ ಆಚೆ ಇದ್ದವಳೂ ಅದೇ ವಯಸ್ಸಿನವಳು. ಅವನು ಫೋನನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದ. ಅವಳು ಅನ್ನ ಹಾಕುತ್ತಿದ್ದಳು. ಫೋನ್ ಕಂಡಿತು. ಕೈ ಅರೆಗಳಿಗೆ ನಿಂತಿತು. ಆಮೇಲೆ ಅವಳು ಇನ್ನೊಂದು ಸೌಟು ಹಾಕಿದಳು. ಅದರ ಮೇಲೆ ಮತ್ತೊಂದು. ಬೌಲಿನ ಅಂಚು ಮೀರಿ ಕಾಳು ಕೆಳಗೆ ಬಿತ್ತು. ಅವನು ಗೆದ್ದ ಖುಷಿಯಲ್ಲಿ ಮುಂದೆ ಹೋದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ನನ್ನ ಸರದಿ ಬಂದಾಗ ಅವಳು ಮೊದಲು ನೋಡಿದ್ದು ನನ್ನ ಕೈಗಳನ್ನು. ಫೋನ್ ಇದೆಯಾ ಅಂತ.

ಚಿಪೋಟ್ಲೆಯ ಆಗಿನ ಮುಖ್ಯಸ್ಥ ಬ್ರಯಾನ್ ನಿಕೋಲ್, ಪ್ರಮಾಣ ಕಡಿಮೆ ಮಾಡಿಲ್ಲ ಅಂತ ಮೊದಲು ಹೇಳಿದರು. ಜಾಸ್ತಿ ಬೇಕಿದ್ದರೆ ಬಡಿಸುವವರ ಕಡೆ ಹೀಗೆ ಒಂದು ನೋಟ ಬೀರಿದರಾಯಿತು ಅನ್ನುವ ಅರ್ಥದಲ್ಲಿ ಮುಖಭಾವ ಮಾಡಿ ತೋರಿಸಿದ್ದೂ ಅವರೇ. ಅದು ಇನ್ನಷ್ಟು ನಗೆಪಾಟಲಾಯಿತು. ಜುಲೈನಲ್ಲಿ ಷೇರುದಾರರಿಗೆ ಲೆಕ್ಕ ಒಪ್ಪಿಸುವಾಗ, ಸುಮಾರು ಶೇಕಡಾ 10ರಷ್ಟು ಅಂಗಡಿಗಳಿಗೆ ಮತ್ತೆ ತರಬೇತಿ ಕೊಡಬೇಕಾಗಿದೆ ಅಂತ ಒಪ್ಪಿಕೊಂಡರು. ಆಗಸ್ಟ್‌ನಲ್ಲಿ ಅವರು ಸ್ಟಾರ್‌ಬಕ್ಸ್‌ಗೆ ಹೊರಟೇ ಹೋದರು.

ಇವಾನ್ಸ್ ರಸ್ತೆ

ನಾನು ಇರುವುದು ಡೆನ್ವರ್ ಪಕ್ಕದಲ್ಲಿ. ಇಲ್ಲಿನವರಿಗೆ ಚಿಪೋಟ್ಲೆ ಅಂದರೆ ಊರ ಹುಡುಗ ಪಟ್ಟಣಕ್ಕೆ ಹೋಗಿ ದೊಡ್ಡವನಾದ ಕಥೆ. ಅಭಿಮಾನವೂ ಇದೆ, ಮುನಿಸೂ ಇದೆ. ಡೆನ್ವರ್ ವಿಶ್ವವಿದ್ಯಾಲಯದ ಹತ್ತಿರ ಇವಾನ್ಸ್ ರಸ್ತೆಯಲ್ಲಿ ಮೊದಲ ಅಂಗಡಿ ಈಗಲೂ ಇದೆ. 1993ರ ಜುಲೈನಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಅಲ್ಲಿ ಐಸ್‌ಕ್ರೀಮ್ ಅಂಗಡಿ ಇತ್ತು. ಸ್ಟೀವ್ ಎಲ್ಸ್ ಅನ್ನುವ ಅಡುಗೆಯವ ಅಪ್ಪನ ಹತ್ತಿರ 85,000 ಡಾಲರ್ ಸಾಲ ತೆಗೆದುಕೊಂಡು ಅದನ್ನು ತೆರೆದ. ಆತ ದೊಡ್ಡ ಅಡುಗೆ ಶಾಲೆಯಲ್ಲಿ ಕಲಿತು, ಸ್ಯಾನ್ ಫ್ರಾನ್ಸಿಸ್ಕೋದ ಹೆಸರುವಾಸಿ ಹೋಟೆಲಿನಲ್ಲಿ ಕೆಲಸ ಮಾಡಿದವನು. ಅವನಿಗೆ ನಿಜವಾಗಿ ಬೇಕಿದ್ದದ್ದು ಒಂದು ಭಾರೀ ರೆಸ್ಟೋರೆಂಟು. ಬುರಿಟೋ ಅಂಗಡಿ ಅದಕ್ಕೆ ದುಡ್ಡು ಕೂಡಿಸುವ ದಾರಿ ಅಷ್ಟೇ. ದಿನಕ್ಕೆ 107 ಬುರಿಟೋ ಮಾರಿದರೆ ಲಾಭ ಅಂತ ಅಪ್ಪ ಮಗ ಲೆಕ್ಕ ಹಾಕಿದ್ದರು. ತಿಂಗಳೊಳಗೆ ದಿನಕ್ಕೆ ಸಾವಿರ ಮಾರಾಟವಾಯಿತು. ಭಾರೀ ರೆಸ್ಟೋರೆಂಟಿನ ಕನಸು ಅಲ್ಲಿಗೆ ಮುಗಿಯಿತು.

ಬುರಿಟೋ ಅವನು ಕಂಡುಹಿಡಿದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ ಮೆಕ್ಸಿಕನ್ ಕುಟುಂಬಗಳ ಅಂಗಡಿಗಳು 1960ರ ದಶಕದಿಂದಲೇ ಈ ದೊಡ್ಡ ಗಾತ್ರದ ಬುರಿಟೋ ಮಾಡುತ್ತಿದ್ದವು. ಎಲ್ ಫಾರೋ 1961ರಿಂದ ಅನ್ನುತ್ತದೆ, ಲಾ ಕುಂಬ್ರೆ 1969ರಲ್ಲಿ ನಾವೇ ಮೊದಲು ಅನ್ನುತ್ತದೆ. ಎಲ್ಸ್ ಅಲ್ಲಿ ಸಾಲಿನಲ್ಲಿ ನಿಂತು ನೋಡಿದ್ದು, ಎತ್ತಿಕೊಂಡು ಬಂದದ್ದು, ಆ ಬಡಿಸುವ ಕ್ರಮವನ್ನು. ಎದುರಿಗೆ ಪಾತ್ರೆಗಳ ಸಾಲು. ನೀನು ಬೆರಳು ತೋರಿಸು, ನಾನು ಹಾಕುತ್ತೇನೆ. ಅಲ್ಲಿವರೆಗೆ ಅಮೆರಿಕದ ಫಾಸ್ಟ್‌ಫುಡ್ ಅಂದರೆ ಒಳಗೆಲ್ಲೋ ಸುತ್ತಿ, ಪೊಟ್ಟಣ ಕಟ್ಟಿ, ಕೌಂಟರಿನ ಮೇಲೆ ಜಾರಿಸುವುದು. ಇಲ್ಲಿ ಅಡುಗೆ ಮನೆಯೇ ಕಣ್ಣೆದುರು. ಅನ್ನ ಯಾವ ಪಾತ್ರೆಯಿಂದ ಬಂತು, ಯಾರು ಹಾಕಿದರು, ಎಷ್ಟು ಹಾಕಿದರು, ಎಲ್ಲ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಎಲ್ಸ್ ಮಾರಿದ್ದು ಇದನ್ನೇ. ಹಂದಿಗಳನ್ನು ಒಳ್ಳೆ ರೀತಿಯಲ್ಲಿ ಸಾಕಿದ್ದಾರೆ, ಕೋಳಿಗೆ ಔಷಧಿ ಕೊಟ್ಟಿಲ್ಲ ಅನ್ನುವ ಮಾತುಗಳೆಲ್ಲ ಆಮೇಲೆ ಸೇರಿದವು. (ಆ ಮಾತು ಬರೀ ಬಾಯಿಮಾತೂ ಅಲ್ಲ. 2015ರ ಜನವರಿಯಲ್ಲಿ ಹಂದಿ ಸಾಕುವ ಒಬ್ಬ ಸರಬರಾಜುದಾರ ನಿಯಮ ಮೀರಿದ್ದಕ್ಕೆ ಮೂರನೇ ಒಂದು ಭಾಗ ಅಂಗಡಿಗಳಲ್ಲಿ ಹಂದಿಮಾಂಸ ಮಾರುವುದನ್ನೇ ನಿಲ್ಲಿಸಿದರು.)

1998ರಲ್ಲಿ ಮೆಕ್‌ಡೊನಾಲ್ಡ್ಸ್ ದುಡ್ಡು ಹಾಕಿತು. ಕೆಲವೇ ವರ್ಷಗಳಲ್ಲಿ ಬಹುಪಾಲು ಷೇರು ಅದರದ್ದೇ ಆಯಿತು. ಕಾರಿನ ಕಿಟಕಿಯಿಂದ ಕೊಡಿ, ಬೆಳಗಿನ ತಿಂಡಿ ಮಾಡಿ, ಫ್ರಾಂಚೈಸ್ ಕೊಡಿ ಅಂತ ಒತ್ತಾಯ ಬಂತು. ಎಲ್ಸ್ ಒಪ್ಪಲಿಲ್ಲ. 2006ರ ಜನವರಿಯಲ್ಲಿ 22 ಡಾಲರಿಗೆ ಷೇರು ಮಾರಾಟಕ್ಕೆ ಬಂತು. ಮೊದಲ ದಿನವೇ ದುಪ್ಪಟ್ಟಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮೆಕ್‌ಡೊನಾಲ್ಡ್ಸ್ ಪೂರ್ತಿ ಹೊರಗೆ ಹೋಯಿತು. ಮುಂದೆ ಎಷ್ಟು ಬೆಳೆಯುತ್ತೆ ಅಂತ ಗೊತ್ತಿದ್ದರೆ ಹೋಗುತ್ತಿರಲಿಲ್ಲ. ಎಲ್ಸ್ 2018ರಲ್ಲಿ ಮುಖ್ಯಸ್ಥನ ಕುರ್ಚಿ ಬಿಟ್ಟ. ಟಾಕೋ ಬೆಲ್ ಅನ್ನುವ ಇನ್ನೊಂದು ಮೆಕ್ಸಿಕನ್ ಶೈಲಿಯ ಫಾಸ್ಟ್‌ಫುಡ್ ಕಂಪನಿಯಿಂದ ಬಂದ ನಿಕೋಲ್ ಅದೇ ವರ್ಷ ಕೇಂದ್ರ ಕಚೇರಿಯನ್ನು ಡೆನ್ವರ್‌ನಿಂದ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ಗೆ ಎತ್ತಿಕೊಂಡು ಹೋದರು. ನಮ್ಮೂರಿನವರ ಮುನಿಸು ಅಲ್ಲಿಂದ ಶುರು.

ಕಪ್ಪು ಕಾಳು ಮಾತ್ರ

ಈ ದೇಶಕ್ಕೆ ಬಂದ ಸಸ್ಯಾಹಾರಿ ಕನ್ನಡಿಗರಿಗೆ ಬುರಿಟೋ ಅಂಗಡಿ ಎಷ್ಟು ದೊಡ್ಡ ಆಸರೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ನ, ಕಾಳು, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಸೊಪ್ಪು, ನಿಂಬೆ ಹುಳಿ, ಹಸಿಮೆಣಸು. ಇದರಲ್ಲಿ ನಮಗೆ ಗುರುತಿಲ್ಲದ್ದು ಯಾವುದಿದೆ? ಬೆಣ್ಣೆಹಣ್ಣು ಕೂಡ ಕೊಡಗಿನ ತೋಟಗಳಲ್ಲಿ ಬೆಳೆಯುವಂಥದ್ದೇ. ನಾವದನ್ನು ಸಕ್ಕರೆ ಹಾಲು ಹಾಕಿ ಕುಡಿಯುತ್ತಿದ್ದೆವು, ಇವರು ಉಪ್ಪು ಮೆಣಸು ಹಾಕಿ ಕಲಸಿ ಗ್ವಾಕಮೋಲಿ ಅನ್ನುತ್ತಾರೆ. ನಾನು ಬಂದ ಹೊಸದರಲ್ಲಿ ಹಿರಿಯರು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠಗಳಲ್ಲಿ ಒಂದು ಹೀಗಿತ್ತು: "ಕಪ್ಪು ಕಾಳು ತಗೋ. ಕಂದು ಕಾಳಿನ ತಂಟೆಗೆ ಹೋಗಬೇಡ." ಯಾಕೆ ಅಂದರೆ ಚಿಪೋಟ್ಲೆಯಲ್ಲಿ ಕಂದು ಬಣ್ಣದ ಪಿಂಟೋ ಕಾಳನ್ನು ಆಗ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿಮಾಂಸ, ಹಾಕಿ ಬೇಯಿಸುತ್ತಿದ್ದರು. 2011ರಲ್ಲಿ ಹಂದಿಮಾಂಸ ತಿನ್ನದ ಒಬ್ಬ ಪತ್ರಕರ್ತನಿಗೆ ಇದು ತಡವಾಗಿ ಗೊತ್ತಾಗಿ, ಆತ ಟ್ವಿಟರಿನಲ್ಲಿ ಸಿಟ್ಟು ತೋಡಿಕೊಂಡ. ಅಂಗಡಿಯ ಮೆನು ಬೋರ್ಡಿನಲ್ಲಿ ಆಮೇಲೆ ಆ ವಿಷಯ ಬರೆಸಿದರು. 2013ರಲ್ಲಿ ಬೇಕನ್ ಹಾಕುವುದನ್ನೇ ಬಿಟ್ಟರು. ಅದೇ ಸುಮಾರಿಗೆ ಸೊಫ್ರಿಟಾಸ್ ಬಂತು. ಟೋಫುವನ್ನು ಪುಡಿ ಮಾಡಿ ಮೆಣಸಿನ ಮಸಾಲೆಯಲ್ಲಿ ಬೇಯಿಸಿದ್ದು. ಕೆಲವರಿಗೆ ಬಹಳ ಇಷ್ಟ. ನನಗೆ ಅಷ್ಟಕ್ಕಷ್ಟೆ.

ಸಸ್ಯಾಹಾರಿಗಳಿಗೆ ಇನ್ನೊಂದು ಲಾಭ ಇದೆ. ಚಿಪೋಟ್ಲೆಯಲ್ಲಿ ಎಲ್ಲರೂ ಗ್ವಾಕಮೋಲಿಗೆ ಬೇರೆ ದುಡ್ಡು ಕೊಡಬೇಕು. ಅದರ ಬಗ್ಗೆ ಈ ದೇಶದಲ್ಲಿ ಆಗಿರುವಷ್ಟು ಜೋಕು ಇನ್ಯಾವುದರ ಬಗ್ಗೆಯೂ ಆಗಿಲ್ಲ. ಆದರೆ ಮಾಂಸ ಬೇಡ, ಬರೀ ತರಕಾರಿ ಅಂದರೆ ಗ್ವಾಕಮೋಲಿ ಪುಕ್ಕಟೆ. ಯಾವ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋಗಿ ಕೇಳಿದರೂ ಈ ವಿಷಯ ಗೊತ್ತಿಲ್ಲದವರು ಸಿಗುವುದು ಕಷ್ಟ.

ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ ಅಂತ ಕೇಳಬಹುದು. ಡೆನ್ವರ್ ಸಮುದ್ರ ಮಟ್ಟದಿಂದ 5280 ಅಡಿ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಕಾಳು ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಬೇಯದೆ ಸತಾಯಿಸುತ್ತದೆ. ಊರಿಂದ ತಂದ ಕುಕ್ಕರ್ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಕಾಳೇ ಇಲ್ಲ. ಇಂಥ ಊರಿನಲ್ಲಿ ಅನ್ನ ಕಾಳು ಬೇಯಿಸಿ ಮಾರುವ ಎರಡೆರಡು ದೊಡ್ಡ ಕಂಪನಿ ಹುಟ್ಟಿದವಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಎದುರಾಳಿಗಳು

ಎರಡನೆಯದು ಕ್ಯುಡೋಬಾ. 1995ರಲ್ಲಿ ಇದೇ ಡೆನ್ವರಿನಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, ಹೆಸರಿನ ತಕರಾರಿನಿಂದ ಎರಡು ಸಲ ಹೆಸರು ಬದಲಾಯಿಸಿಕೊಂಡಿತು. 2003ರಲ್ಲಿ ಅದನ್ನು ಜ್ಯಾಕ್ ಇನ್ ದ ಬಾಕ್ಸ್ ಅನ್ನುವ ಬರ್ಗರ್ ಕಂಪನಿ ಕೊಂಡಿತು. 2018ರಲ್ಲಿ ಮಾರಿತು. ಅದಾದ ಮೇಲೂ ಇನ್ನೊಬ್ಬರ ಕೈ ಸೇರಿದೆ. ರುಚಿಯಲ್ಲಿ ಚಿಪೋಟ್ಲೆ ಮೇಲೋ ಕ್ಯುಡೋಬಾ ಮೇಲೋ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದರೆ ಅವರು ಒಂದು ಜಾಣ ಕೆಲಸ ಮಾಡಿದರು. 2014ರಲ್ಲಿ ಗ್ವಾಕಮೋಲಿ, ಕರಗಿದ ಚೀಸಿನ ಕೇಸೋ ಎಲ್ಲವನ್ನೂ ಒಂದೇ ಬೆಲೆಯೊಳಗೆ ಸೇರಿಸಿಬಿಟ್ಟರು. ಅದಕ್ಕಿಷ್ಟು ಇದಕ್ಕಿಷ್ಟು ಅನ್ನುವ ಮಾತೇ ಇಲ್ಲ. ಚಿಪೋಟ್ಲೆ ಕೇಸೋ ಮಾಡಿದ್ದೇ 2017ರಲ್ಲಿ. ಮೊದಲ ಸಲ ಮಾಡಿದ್ದು ಮರಳು ಮರಳು ಅಂತ ಜನ ಬೈದು, ಮತ್ತೆ ತಿದ್ದಿದರು. ಇನ್ನು ಅಟ್ಲಾಂಟಾ ಕಡೆಯ ಮೋಸ್ ಅನ್ನುವ ಬುರಿಟೋ ಅಂಗಡಿಯಲ್ಲಿ ಚಿಪ್ಸು ಸಾಲ್ಸಾ ಪುಕ್ಕಟೆ, ಒಳಗೆ ಕಾಲಿಟ್ಟರೆ ಎಲ್ಲರೂ ಒಟ್ಟಿಗೆ ಸ್ವಾಗತ ಅಂತ ಕೂಗುತ್ತಾರೆ. ನನ್ನಂಥ ಸಂಕೋಚದವನಿಗೆ ಅದು ಶಿಕ್ಷೆ.

ಈಗಿನ ನಿಜವಾದ ಎದುರಾಳಿ ಬುರಿಟೋದವರೇ ಅಲ್ಲ. ಮೆಡಿಟರೇನಿಯನ್ ಊಟ ಮಾರುವ ಕಾವಾ. ಅದೇ ಗಾಜು, ಅದೇ ಪಾತ್ರೆಗಳ ಸಾಲು, ಅದೇ ಬೌಲು. ಕಾಳಿನ ಬದಲು ಹಮ್ಮಸ್, ಫಲಾಫೆಲ್. 2023ರ ಜೂನಿನಲ್ಲಿ ಕಾವಾ ಷೇರು ಮಾರುಕಟ್ಟೆಗೆ ಬಂದ ಬೆಲೆ 22 ಡಾಲರ್. ಚಿಪೋಟ್ಲೆ ಬಂದದ್ದೂ ಅಷ್ಟಕ್ಕೇ ಅಲ್ವಾ. ಕಾವಾ ಕೂಡ ಮೊದಲ ದಿನ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಷೇರು ಪೇಟೆಯವರಿಗೆ ಇಂಥ ಕಾಕತಾಳೀಯ ಸಿಕ್ಕರೆ ಹಬ್ಬ. ಮುಂದಿನ ಚಿಪೋಟ್ಲೆ ಇದೇ ಅಂತ ಬರೆದೇ ಬರೆದರು.

ನನಗೆ ಇಷ್ಟವಾದದ್ದು ಇವು ಯಾವುದೂ ಅಲ್ಲ. ಬೌಲ್ಡರ್‌ನಲ್ಲಿ 1995ರಲ್ಲಿ ಶುರುವಾದ ಇಲ್ಲೀಗಲ್ ಪೀಟ್ಸ್. ಅಲ್ಲಿ ಬುರಿಟೋ ಸುತ್ತುವ ಮೊದಲು ಎಲ್ಲವನ್ನೂ ಚೆನ್ನಾಗಿ ಕಲಸುತ್ತಾರೆ. ಒಂದು ಕಡೆ ಬರೀ ಅನ್ನ, ಇನ್ನೊಂದು ಕಡೆ ಬರೀ ಹುಳಿ ಅಂತ ಆಗುವುದಿಲ್ಲ. ಕಲಸಿ ತಿನ್ನುವ ಜನಕ್ಕೆ ಇದರ ಬೆಲೆ ಗೊತ್ತು.

ಅಪ್ಪ ನೋಡಿದ್ದು

ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ದಿನ ಬೆಟ್ಟದ ಕಡೆ ಸುತ್ತಾಡಿಕೊಂಡು ವಾಪಸ್ ಬರುತ್ತಾ ಬೌಲ್ಡರಿನಲ್ಲಿ ಹಸಿವಾಯಿತು. ಒಂದು ಬುರಿಟೋ ಅಂಗಡಿಗೆ ಕರೆದುಕೊಂಡು ಹೋದೆ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಕೇಟರಿಂಗ್‌ನವರು ಬರುವ ಮುಂಚೆ ಅಲ್ಲಿ ಮದುವೆ, ಉಪನಯನ ಏನೇ ಆದರೂ ಬಡಿಸುವವರು ನೆಂಟರು ಮತ್ತು ಅಕ್ಕಪಕ್ಕದ ಮನೆಯವರೇ. ಅಪ್ಪನಿಗೆ ಹುಳಿಯ ಬಕೆಟ್ ಕಾಯಂ. ಪಂಚೆ ಎತ್ತಿ ಕಟ್ಟಿ, ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ಒಂದು ಪಂಕ್ತಿ ಪೂರ್ತಿ ಮುಗಿಸುತ್ತಿದ್ದರು. ಎಲೆ ಮೇಲಿನ ಅನ್ನ ನೋಡಿದರೆ ಸಾಕು, ಎಷ್ಟು ಹುಳಿ ಬೇಕು ಅಂತ ಅವರಿಗೆ ಗೊತ್ತಾಗುತ್ತಿತ್ತು.

ಅಂಥವರು ಗಾಜಿನ ಮುಂದೆ ನಿಂತರು. ಏನು ಬೇಕು ಅಂತ ಬೆರಳು ತೋರಿಸುವುದು ಬಿಟ್ಟು, ಬಡಿಸುತ್ತಿದ್ದ ಹುಡುಗಿಯ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯುತ್ತಿತ್ತು. ನನಗೆ ಅವಸರ. ಅಮ್ಮನ ಬೌಲಿಗೆ ಅವಳು ಎರಡನೇ ಸೌಟು ಅನ್ನ ಹಾಕಲು ಹೊರಟಾಗ ಅಮ್ಮ ಅಭ್ಯಾಸ ಬಲದಿಂದ ಎರಡೂ ಕೈ ಅಡ್ಡ ಹಿಡಿದು "ಸಾಕು ಸಾಕು" ಅಂದರು. ಮಧ್ಯೆ ಗಾಜು ಇತ್ತು. ಅಂಗೈಗಳು ಗಾಜಿಗೆ ಬಡಿದವು. ಹುಡುಗಿ ಬೆಚ್ಚಿ ಸೌಟು ಹಿಂದಕ್ಕೆ ತೆಗೆದಳು. ಆಮೇಲೆ ಅರ್ಥವಾಗಿ ನಕ್ಕಳು. ಮುಂದಿನ ಪ್ರತಿ ಪಾತ್ರೆಯ ಮುಂದೂ ಸೌಟನ್ನು ಅರ್ಧ ಎತ್ತಿ, ಅಮ್ಮನ ಮುಖ ನೋಡಿ, ಆಮೇಲೆ ಹಾಕಿದಳು. ಇಬ್ಬರಿಗೂ ಒಂದೇ ಒಂದು ಶಬ್ದ ಬೇಕಾಗಲಿಲ್ಲ.

ಕೂತ ಮೇಲೆ ಅಪ್ಪ ಅಂದರು, "ಮಾರಾಯ, ಆ ಹುಡುಗಿ ಮುಖ ನೋಡಿ ಬಡಿಸ್ತಾಳೆ. ಒಳ್ಳೇ ಕೈ." ಸ್ವಲ್ಪ ಹೊತ್ತು ಬಿಟ್ಟು, "ಎರಡನೇ ಸಲ ಯಾವಾಗ ಬರ್ತಾರೆ?" ಅಂತ ಕೇಳಿದರು. ಎರಡನೇ ಸಲ ಇಲ್ಲ ಅಪ್ಪ, ಒಂದೇ ಸಲ, ಜಾಸ್ತಿ ಬೇಕಿದ್ದರೆ ಜಾಸ್ತಿ ದುಡ್ಡು ಅಂದೆ. ಅವರು ನಂಬಲಿಲ್ಲ. "ಮತ್ತೆ ಮೊದಲೇ ಹೇಗೆ ಗೊತ್ತಾಗುತ್ತೆ ಎಷ್ಟು ಬೇಕು ಅಂತ?"

ಆ ಪ್ರಶ್ನೆಗೆ ಅವತ್ತು ನಕ್ಕು ಸುಮ್ಮನಾದೆ. 75 ಬೌಲುಗಳ ಸುದ್ದಿ ಓದಿದಾಗ ಅದು ಮತ್ತೆ ನೆನಪಾಯಿತು. ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅಂತ ಗಾದೆ ಇದೆ. ಬಡಿಸುವ ಕೈ ಎಲ್ಲರಿಗೂ ಒಂದೇ ಸಮ ಅಲ್ಲ ಅನ್ನೋದು ನಮ್ಮವರಿಗೆ ಯಾವತ್ತೋ ಗೊತ್ತಿತ್ತು. ಆದರೂ ಪಂಕ್ತಿಯಲ್ಲಿ ಯಾಕೆ ಯಾರೂ ತಕ್ಕಡಿ ತರಲಿಲ್ಲ? ಪಕ್ಕದವನಿಗೆ ಎರಡು ಹೋಳಿಗೆ ಬಿದ್ದು ನನಗೆ ಒಂದೇ ಬಿದ್ದರೂ ತಕರಾರಿಲ್ಲ. ಇನ್ನೊಂದು ಸುತ್ತು ಬರುತ್ತೆ. ವಿಚಾರಿಸುವವರು ಬರುತ್ತಾರೆ. ಮೊದಲ ಸುತ್ತಿನ ತಪ್ಪನ್ನು ಎರಡನೇ ಸುತ್ತು ಸರಿ ಮಾಡುತ್ತದೆ. ಅಲ್ಲಿ ಉಣ್ಣುವವನ ಕೆಲಸ ಬೇಡ ಅನ್ನೋದು. ಬುರಿಟೋ ಸಾಲಿನಲ್ಲಿ ಆ ಧಾರಾಳದ ನೋಟ ಇದೆ, ಎದುರಿಗೆ ತುಂಬಿದ ಪಾತ್ರೆ ಇದೆ, ಸೌಟು ಹಿಡಿದ ಕೈ ಇದೆ. ಎರಡನೇ ಸುತ್ತು ಮಾತ್ರ ಇಲ್ಲ. ಇರುವ ಒಂದೇ ಸಲದಲ್ಲಿ ಎಲ್ಲ ಮುಗಿಯಬೇಕು. ಹಾಗಾಗಿ ಇಲ್ಲಿ ಉಣ್ಣುವವನು ಸೌಟಿನ ಮೇಲೆ ಕಣ್ಣಿಟ್ಟು, ಇನ್ನೂ ಹಾಕು ಅಂತ ಬಾಯಿಬಿಟ್ಟು ಕೇಳಬೇಕು, ಇಲ್ಲ ಫೋನ್ ಹಿಡಿಯಬೇಕು. ತೂಕದ ಜಗಳ ಈ ವ್ಯಾಪಾರದೊಳಗೇ ಇತ್ತು. ಇಪ್ಪತ್ತು ಮೂವತ್ತು ವರ್ಷ ಅದು ಏಳಲಿಲ್ಲ, ಯಾಕೆಂದರೆ ಬೌಲು ಅಗ್ಗ ಇತ್ತು.

ನಾಲ್ಕು ಔನ್ಸ್

ಕಂಪನಿಯ ಪುಸ್ತಕದಲ್ಲಿ ಧಾರಾಳ ಅನ್ನುವ ಅಳತೆ ಇಲ್ಲ. ಕೋಳಿ 4 ಔನ್ಸ್, ಅನ್ನ 4 ಔನ್ಸ್, ಕಾಳು 4 ಔನ್ಸ್. ಬಡಿಸುವ ಹುಡುಗಿಗೆ ಒಂದು ಕಡೆ ಈ ಲೆಕ್ಕ. ಇನ್ನೊಂದು ಕಡೆ ಕಣ್ಣರಳಿಸಿ ನಿಂತ ಗಿರಾಕಿ. ಮಧ್ಯದಲ್ಲಿ ಅವಳ ಕೈ. 2021ರ ಜೂನಿನಲ್ಲಿ ಕಂಪನಿ ಸರಾಸರಿ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸಿತು, ಜೊತೆಗೆ ಬೆಲೆಯನ್ನು ಸುಮಾರು ಶೇಕಡಾ 4ರಷ್ಟು ಏರಿಸಿತು. ಆಮೇಲೂ ಬೆಲೆ ಏರಿತು, ಮತ್ತೆ ಏರಿತು. 2022ರಲ್ಲಿ ನ್ಯೂಯಾರ್ಕ್ ನಗರದ ಜೊತೆ ಸುಮಾರು 2 ಕೋಟಿ ಡಾಲರಿನ ರಾಜಿ ಆಯಿತು. ಕೆಲಸದ ವೇಳಾಪಟ್ಟಿ ಮತ್ತು ಕಾಯಿಲೆ ರಜೆಯ ಕಾನೂನು ಪಾಲಿಸದೇ ಇದ್ದದ್ದಕ್ಕೆ. ಅಂಥ ಕೆಲಸದಲ್ಲಿ ಇರುವವರ ಮುಖಕ್ಕೆ ಕ್ಯಾಮೆರಾ ಹಿಡಿದು ನ್ಯಾಯ ಕೇಳುವುದು ಸರಿಯಾ? ಬೆಲೆ ನಿಗದಿ ಮಾಡಿದವರು ನ್ಯೂಪೋರ್ಟ್ ಬೀಚಿನಲ್ಲಿ ಇದ್ದಾರೆ. ಅವರ ಕಡೆ ಯಾರೂ ಫೋನ್ ಹಿಡಿಯಲಿಲ್ಲ.

ಕೈಯ ಮೇಲೆ ಅನುಮಾನ ಶುರುವಾದದ್ದು ಇನ್ನೂ ಹಿಂದೆ, 2015ರಲ್ಲಿ. ಚಿಪೋಟ್ಲೆಯಲ್ಲಿ ಉಂಡವರಿಗೆ ಹೊಟ್ಟೆ ಕೆಡಿಸುವ ರೋಗಾಣುಗಳು ತಗುಲಿದವು: ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ನೊರೊವೈರಸ್, ಮಿನೆಸೋಟದಲ್ಲಿ ಸಾಲ್ಮೊನೆಲ್ಲಾ, ಆಮೇಲೆ ವಾಷಿಂಗ್ಟನ್ ಮತ್ತು ಓರೆಗಾನ್ ರಾಜ್ಯಗಳಲ್ಲಿ ಇ-ಕೋಲೈ. ಅಲ್ಲಿನ 43 ಅಂಗಡಿ ಮುಚ್ಚಿದರು. ಡಿಸೆಂಬರಿನಲ್ಲಿ ಬಾಸ್ಟನ್ ಕಾಲೇಜಿನ ನೂರಕ್ಕೂ ಹೆಚ್ಚು ಹುಡುಗರು ವಾಂತಿ ಭೇದಿಯಿಂದ ಮಲಗಿದರು. 2016ರ ಫೆಬ್ರವರಿ 8ರಂದು ಇಡೀ ದೇಶದ ಅಂಗಡಿಗಳನ್ನು ಕೆಲವು ಗಂಟೆ ಮುಚ್ಚಿ ಸಿಬ್ಬಂದಿಗೆಲ್ಲ ಶುಚಿತ್ವದ ಪಾಠ ಮಾಡಿದರು. ಕೊನೆಗೆ 2020ರಲ್ಲಿ ಎರಡೂವರೆ ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದರು. ಊಟದ ಸುರಕ್ಷತೆಯ ಪ್ರಕರಣದಲ್ಲಿ ಅಷ್ಟು ದೊಡ್ಡ ದಂಡ ಅಲ್ಲಿವರೆಗೆ ಬಿದ್ದಿರಲಿಲ್ಲ. ತಾಜಾ, ಕಣ್ಣೆದುರು ಹೆಚ್ಚಿದ್ದು ಅಂತ ಹೇಳಿಕೊಂಡವರೇ ಟೊಮೆಟೊದಂಥವನ್ನು ದೂರದ ಕೇಂದ್ರ ಅಡುಗೆಮನೆಯಲ್ಲಿ ಹೆಚ್ಚಿಸಿ ತರಿಸಬೇಕಾಯಿತು. ಅದು ಸರಿಯಾದ ಕೆಲಸವೇ. ಕಾಯಿಲೆ ಬೀಳುವುದಕ್ಕಿಂತ ಅದು ವಾಸಿ.

ಆಮೇಲೆ ಬಂದದ್ದು ಆ್ಯಪ್. 2020ರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವ್ಯಾಪಾರ ಆ್ಯಪಿನಿಂದಲೇ ನಡೆಯಿತು. ಅದಕ್ಕೆ ಅಂಗಡಿಯ ಹಿಂದೆ ಇನ್ನೊಂದು ಬಡಿಸುವ ಸಾಲು ಇದೆ. ಅಲ್ಲಿ ಗಾಜಿಲ್ಲ, ಮುಖವಿಲ್ಲ, ಒಂದು ಪರದೆಯ ಮೇಲೆ ಆರ್ಡರ್ ಬರುತ್ತದೆ. ಕಾರಿನಲ್ಲಿ ಬಂದು ಕಿಟಕಿಯಿಂದ ತೆಗೆದುಕೊಂಡು ಹೋಗುವ ವ್ಯವಸ್ಥೆಯೂ ಬಂತು. ಎಲ್ಸ್ ಮೆಕ್‌ಡೊನಾಲ್ಡ್ಸ್‌ಗೆ ಬೇಡ ಅಂದದ್ದು ಇದಕ್ಕೇ ಅಲ್ವಾ! ಸಲಾಡ್ ಮಾರುವ ಸ್ವೀಟ್‌ಗ್ರೀನ್ ಇನ್ನೂ ಒಂದು ಹೆಜ್ಜೆ ಮುಂದೆ. 2023ರಲ್ಲಿ ಇಲಿನಾಯ್‌ನ ನೇಪರ್‌ವಿಲ್‌ನಲ್ಲಿ ಸೊಪ್ಪು ತರಕಾರಿಯನ್ನು ಅಳೆದು ಬೌಲಿಗೆ ಹಾಕುವ ಯಂತ್ರ ಇಟ್ಟಿತು. ಯಂತ್ರಕ್ಕೆ ನೆಂಟರಿಲ್ಲ. ಕೊನೇ ಪಂಕ್ತಿಯವರಿಗೂ ಮೊದಲನೇ ಪಂಕ್ತಿಯವರಿಗೂ ಅಷ್ಟೇ ಗ್ರಾಂ.

2025ರಲ್ಲಿ ಚಿಪೋಟ್ಲೆಯ ಹಳೇ ಅಂಗಡಿಗಳ ವ್ಯಾಪಾರ ಇಳಿಯಿತು. ಮೊದಲ ಮೂರು ತಿಂಗಳು ಶೇಕಡಾ 0.4, ಮುಂದಿನ ಮೂರು ತಿಂಗಳು ಶೇಕಡಾ 4. 2020ರ ನಂತರ ಹೀಗಾದದ್ದು ಅದೇ ಮೊದಲು. ವರ್ಷ ಮುಗಿಯುವಷ್ಟರಲ್ಲಿ ಷೇರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಈಗಿನ ಮುಖ್ಯಸ್ಥ ಸ್ಕಾಟ್ ಬೋಟ್‌ರೈಟ್, ಕಡಿಮೆ ಸಂಬಳದವರು ಮತ್ತು 25ರಿಂದ 34ರ ವಯಸ್ಸಿನವರು ಬರುವುದು ಕಮ್ಮಿಯಾಗಿದೆ ಅಂದರು. ಕಾವಾ, ಸ್ವೀಟ್‌ಗ್ರೀನ್‌ಗೂ ಆ ವರ್ಷ ಕಷ್ಟವೇ ಆಯಿತು. ಜನಕ್ಕೆ ಬೌಲೇ ಬೇಜಾರಾಗಿದೆ ಅಂತ ಅಂಕಣಕಾರರು ಬರೆದರು. ನಾನು ಒಪ್ಪುವುದಿಲ್ಲ. ಅನ್ನದ ಮೇಲೆ ಕಾಳು ಸುರಿದು ತಿನ್ನುವುದು ಯಾರಿಗೂ ಬೇಜಾರಾಗಿಲ್ಲ. ಬೇಜಾರಾಗಿರುವುದು ಲೆಕ್ಕ. ಹದಿನೈದು ಡಾಲರ್ ಹತ್ತಿರ ಹೋದಾಗ ಪ್ರತಿ ಸೌಟೂ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಕಂಪನಿ ಕೊಟ್ಟ ಒಂದು ಉತ್ತರ ನೋಡಿ. 2025ರ ಡಿಸೆಂಬರಿನಲ್ಲಿ ಹೈ ಪ್ರೋಟೀನ್ ಮೆನು ತಂದರು. ಅದರಲ್ಲಿ ಬರೀ ಕೋಳಿ ತುಂಬಿದ ಒಂದು ಕಪ್ಪು ಇದೆ. 4 ಔನ್ಸ್. ತೂಕವನ್ನೇ ತಿಂಡಿ ಮಾಡಿ ಮಾರಿದ ಹಾಗಾಯಿತು.

ಬೆಂಗಳೂರಿನಲ್ಲಿ ಈ ಕಥೆ ಈಗ ಶುರುವಿನ ಹಂತದಲ್ಲಿದೆ. ಟಾಕೋ ಬೆಲ್ ಭಾರತದ ಮೊದಲ ಅಂಗಡಿ ತೆರೆದದ್ದು ಅಲ್ಲೇ, 2010ರಲ್ಲಿ, ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ. ಎರಡು ವರ್ಷದ ನಂತರ ಬರ್ಟ್ ಮ್ಯೂಲರ್ ಅನ್ನುವ ಅಮೆರಿಕದ ಹುಡುಗ ಕ್ಯಾಲಿಫೋರ್ನಿಯಾ ಬುರಿಟೋ ಶುರು ಮಾಡಿದ. ಈಗ ದೇಶದ ಹಲವು ಊರುಗಳಲ್ಲಿ ಅದರ ನೂರಕ್ಕೂ ಜಾಸ್ತಿ ಅಂಗಡಿಗಳಿವೆ. ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮಗಳು ಕರೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತು, ಟೆಕ್ ಪಾರ್ಕಿನ ಗುಂಪು, ಎಲ್ಲರ ಕೊರಳಲ್ಲೂ ಐಡಿ ಕಾರ್ಡು. ಗಾಜಿನ ಆಚೆ ಇದ್ದ ಹುಡುಗನಿಗೆ ಅವಳು "ಭೈಯ್ಯಾ, ಥೋಡಾ ಔರ್" ಅಂದಳು. ಅವನು ಹಾಕಿದ. ಕನ್ನಡದಲ್ಲಿ ಕೇಳೇ ಅಂದೆ. "ಅಣ್ಣಾ, ಇನ್ನೊಂಚೂರು" ಅಂದಳು. ಅವನು ನಗುತ್ತಾ ಮತ್ತೆ ಹಾಕಿದ. ಇದು ಎಷ್ಟು ದಿನ ನಡೆಯುತ್ತೋ. ಬೆಲೆ ಏರುವವರೆಗೆ ನಡೆಯಬಹುದು.

ನನ್ನ ಕೇಳಿದರೆ ಚಿಪೋಟ್ಲೆಯವರು ಮಾಡಬೇಕಾದ್ದು ಸರಳ. ಕೋಳಿಗೋ ಹಂದಿಗೋ ಬೇಕಿದ್ದರೆ ಲೆಕ್ಕ ಇಟ್ಟುಕೊಳ್ಳಲಿ. ಅನ್ನಕ್ಕೂ ಕಾಳಿಗೂ ಲೆಕ್ಕ ಬಿಡಲಿ. ಬೌಲು ಖಾಲಿಯಾದ ಮೇಲೆ ಎದ್ದು ಹೋಗಿ ಇನ್ನೊಂದು ಸೌಟು ಅನ್ನ ಕಾಳು ಹಾಕಿಸಿಕೊಳ್ಳಬಹುದು ಅಂತ ಒಂದು ಬೋರ್ಡು ಹಾಕಲಿ. ಬಹಳ ಜನ ಎದ್ದು ಹೋಗುವುದೇ ಇಲ್ಲ, ನಾಚಿಕೆ ಅಡ್ಡ ಬರುತ್ತದೆ. ಆದರೆ ಫೋನ್ ಹಿಡಿಯುವವರು ಫೋನ್ ಕೆಳಗಿಡುತ್ತಾರೆ. ಷೇರು ವಿಶ್ಲೇಷಕರು ಇದನ್ನು ಓದಿದರೆ ನನ್ನನ್ನು ಹುಚ್ಚ ಅನ್ನುತ್ತಾರೆ. ಹೆಂಡತಿ ಆಗಲೇ ಅಂದಿದ್ದಾಳೆ. ಅವಳದ್ದು ಆ್ಯಪ್ ಪಕ್ಷ. ಬೇಕಾದ್ದನ್ನು ಒತ್ತಿ, ದುಡ್ಡು ಕಟ್ಟಿ, ಚೀಲ ಎತ್ತಿಕೊಂಡು ಬರುವುದು, ಯಾರ ಹತ್ತಿರವೂ ಬೇಡುವ ಹಾಗಿರಬಾರದು ಅನ್ನುತ್ತಾಳೆ. ಅದರಲ್ಲೂ ನ್ಯಾಯ ಇದೆ. ಹಾಗಾಗಿ ನಮ್ಮ ಮನೆಯಲ್ಲಿ ಶುಕ್ರವಾರ ರಾತ್ರಿ ಅವಳ ಬೌಲು ಆ್ಯಪಿನಲ್ಲಿ, ನನ್ನ ಬೌಲು ಸಾಲಿನಲ್ಲಿ. ಅಡುಗೆಮನೆಯಲ್ಲಿ ತಕ್ಕಡಿ ಇದೆ. ಎರಡನ್ನೂ ತೂಗೋಣ ಅಂತ ಮಗ ಹಟ ಮಾಡುತ್ತಾನೆ. ನಾವಿಬ್ಬರೂ ಬೇಡ ಅನ್ನುತ್ತೇವೆ.